ಕರೆಂಟ್ ಹೋಗಿ ಬಂದಾಗಲೆಲ್ಲ ಡೇಟಾಬೇಸ್ ಹೆಸರು ಮರೆಯುತ್ತಿದ್ದ ಸರ್ವರ್

ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸರ್ವರ್, ನೆಟ್‌ವರ್ಕ್ ನೋಡಿಕೊಳ್ಳೋದು ನನ್ನ ಕೆಲಸ. 2024ರ ಜೂನ್ 30ಕ್ಕೆ ಸೆಂಟ್‌ಒಎಸ್ 7 ಅನ್ನೋ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ಆಯಸ್ಸು ಮುಗಿಯಿತು. ಆಮೇಲೆ ಸೆಕ್ಯುರಿಟಿ ಅಪ್‌ಡೇಟ್ ಬರೋದಿಲ್ಲ. ನಮ್ಮಲ್ಲಿ ಡಬ್ಬಕ್ಕೆ ಅಂಟಿಸುವ ಬಾರ್‌ಕೋಡ್ ಲೇಬಲ್ ಪ್ರಿಂಟ್ ಮಾಡೋ ಅಪ್ಲಿಕೇಶನ್ ವರ್ಷಗಟ್ಟಲೆ ಅದೇ ಸೆಂಟ್‌ಒಎಸ್ ಮೇಲೆ ಓಡುತ್ತಿತ್ತು. ಅದನ್ನೂ ಅದರ ಡೇಟಾಬೇಸನ್ನೂ ಹೊಸ ಮಷೀನುಗಳಿಗೆ, ಇನ್ನೊಂದು ಲಿನಕ್ಸ್ ಆದ ಉಬುಂಟು 22.04ಕ್ಕೆ ಸಾಗಿಸಿದೆವು. ಅಪ್ಲಿಕೇಶನ್ ಹೊಂದಿಸೋದು ಸುಲಭವಾಗೇ ಆಯ್ತು. ಕೈಕೊಟ್ಟಿದ್ದು ಡಿಎನ್‌ಎಸ್, ಅಂದರೆ ಮಷೀನಿನ ಹೆಸರು ಕೊಟ್ಟರೆ ಅದರ ಐಪಿ ವಿಳಾಸ ಹೇಳುವ ವ್ಯವಸ್ಥೆ.

ಅದೂ ಒಂದೇ ತೊಂದರೆ ಅಲ್ಲ. ಒಂದರ ಹಿಂದೆ ಒಂದು, ಮೂರು. ಹೊರಗಿನಿಂದ ನೋಡುವವರಿಗೆ ಮೂರೂ ಒಂದೇ ಥರ: "ಮೇಡಂ, ಲೇಬಲ್ ಬರ್ತಾ ಇಲ್ಲ." ಒಳಗೆ ಮೂರಕ್ಕೂ ಸಂಬಂಧವೇ ಇಲ್ಲ. ಇಂಥ ಕಡೆ "ಹೆಸರಿಗೆ ಐಪಿ ಸಿಗ್ತಿದೆಯಾ ಇಲ್ವಾ" ಅನ್ನೋ ಪ್ರಶ್ನೆಯಿಂದ ಜಾಸ್ತಿ ಉಪಯೋಗ ಇಲ್ಲ. "ಈ ಉತ್ತರ ಕೊಟ್ಟವರು ಯಾರು" ಅಂತ ಕೇಳಬೇಕು. ನಾನು ಹಾಗೆ ಕೇಳುತ್ತಾ ಹೋದ ಕಥೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ನೆಟ್‌ವರ್ಕ್ ಹೇಗಿದೆ ಅಂತ ಮೊದಲು ಹೇಳಿಬಿಡ್ತೀನಿ. ಹೆಸರು, ಐಪಿ ಎಲ್ಲ ಬದಲಿಸಿದ್ದೇನೆ. ಒಳಗಿನ ಡೊಮೇನ್ ಕಾರ್ಖಾನೆ.ಲೋಕಲ್. ಅದನ್ನು ನಡೆಸೋದು ಹಳೆ ಆಫೀಸ್ ಬ್ಲಾಕಿನಲ್ಲಿರುವ ಬೈಂಡ್ (ಡಿಎನ್‌ಎಸ್ ಸಾಫ್ಟ್‌ವೇರ್) ಸರ್ವರ್, 192.168.10.5. ಸರ್ವರ್ ರೂಮ್ ಪಕ್ಕದ ಸ್ಟೋರ್ಸಿನಲ್ಲಿ ಅದರ ಸೆಕೆಂಡರಿ, ಅಂದರೆ ಅದೇ ಹೆಸರುಗಳ ನಕಲು ಇಟ್ಟುಕೊಳ್ಳುವ ಸರ್ವರ್ ಇದೆ, 192.168.10.6. ಹಿಂದೆ ಯಾರೋ ಹಾಕಿ ಹೋಗಿದ್ದು. ಓಡುತ್ತಿತ್ತು, ಆದರೆ ಯಾವ ಮಷೀನಿನ ಸೆಟ್ಟಿಂಗಿನಲ್ಲೂ ಅದರ ಐಪಿ ಇರಲಿಲ್ಲ. ಎಲ್ಲ ಕಡೆ ಮೊದಲ ಡಿಎನ್‌ಎಸ್ 10.5, ಎರಡನೆಯದು ಗೂಗಲ್‌ನ 8.8.8.8. "ಒಳಗಿನದು ಬಿದ್ದರೂ ಇಂಟರ್ನೆಟ್ ಇರಲಿ" ಅನ್ನೋ ಲೆಕ್ಕ. ಬಹಳ ಆಫೀಸುಗಳಲ್ಲಿ ಹೀಗೇ ಇರುತ್ತದೆ. ಹಳೆ ಸರ್ವರಿನಿಂದ ಈ ಸೆಟ್ಟಿಂಗನ್ನು ಹೊಸದಕ್ಕೂ ಹಾಗೇ ಎತ್ತಿ ಹಾಕಲಾಗಿತ್ತು.

ಹೊಸ ಸರ್ವರಿನಲ್ಲಿ ಅಪ್ಲಿಕೇಶನ್ ಶುರು ಮಾಡಿದ ಕೂಡಲೇ ಲಾಗಿನಲ್ಲಿ ಕಂಡಿದ್ದು ಅನ್‌ನೋನ್ ಹೋಸ್ಟ್. ಡಿಬಿ.ಕಾರ್ಖಾನೆ.ಲೋಕಲ್ ಅನ್ನೋ ಹೆಸರೇ ಅದಕ್ಕೆ ಗೊತ್ತಿಲ್ಲ. ಪಿಂಗ್ ಹೊಡೆದರೆ "ಟೆಂಪರರಿ ಫೇಲ್ಯೂರ್ ಇನ್ ನೇಮ್ ರೆಸಲ್ಯೂಶನ್". ಈ ಸಾಲನ್ನು ಸುಮ್ನೆ ಓದಿ ಬಿಡಬಾರದು. ಪಿಂಗ್ ಎರಡು ಥರ ಬೈಯುತ್ತದೆ. "ಟೆಂಪರರಿ ಫೇಲ್ಯೂರ್" ಅಂದರೆ ಕೇಳಿದವರಿಂದ ಸರಿಯಾದ ಉತ್ತರವೇ ಬರಲಿಲ್ಲ, ಅಥವಾ ಅವರು "ನನ್ನ ಕೈಲಿ ಆಗಲಿಲ್ಲ" ಅಂದರು. "ನೇಮ್ ಆರ್ ಸರ್ವೀಸ್ ನಾಟ್ ನೋನ್" ಅಂದರೆ ಸಾಮಾನ್ಯವಾಗಿ ಉತ್ತರ ಬಂತು, ಆ ಉತ್ತರ "ಅಂಥ ಹೆಸರೇ ಇಲ್ಲ" ಅಂತ. ಎರಡಕ್ಕೂ ಹುಡುಕುವ ಜಾಗ ಬೇರೆ ಬೇರೆ.

ಮೊದಲು ಬೈಂಡ್ ಸರ್ವರನ್ನೇ ನೇರವಾಗಿ ಕೇಳಿದೆ. ಡಿಎನ್‌ಎಸ್ ಸರ್ವರಿಗೆ ಪ್ರಶ್ನೆ ಕೇಳುವ ಡಿಗ್ ಕಮಾಂಡಿಗೆ ಅಟ್ ಚಿಹ್ನೆ ಹಾಕಿ 192.168.10.5 ಕೊಟ್ಟು, ಡಿಬಿ ಹೆಸರು ಕೊಟ್ಟೆ. ಥಟ್ ಅಂತ 192.168.10.32 ಬಂತು. ಹೊಸ ಡೇಟಾಬೇಸ್ ಮಷೀನಿನದೇ ಐಪಿ, ಸರಿಯಾಗಿದೆ. ಅಟ್ ಭಾಗ ತೆಗೆದು ಅದೇ ಡಿಗ್ ಮತ್ತೆ ಹೊಡೆದರೆ ಸರ್ವ್‌ಫೇಲ್, ಅಂದರೆ "ನನ್ನ ಕೈಲಿ ಆಗಲಿಲ್ಲ". ಡಿಗ್ ಉತ್ತರದ ಕೊನೆಯಲ್ಲಿ ಸರ್ವರ್ ಅಂತ ಒಂದು ಸಾಲು ಇರುತ್ತದೆ. ಬಹಳ ಜನ ಅಲ್ಲಿಯವರೆಗೆ ಓದೋದೇ ಇಲ್ಲ. ನಾನು ಮೊದಲು ನೋಡೋದೇ ಅದನ್ನು. ಅಲ್ಲಿ 127.0.0.53 ಅಂತಿತ್ತು. ಅಂದರೆ ಪ್ರಶ್ನೆ ನಮ್ಮ ಬೈಂಡ್‌ವರೆಗೆ ಹೋಗಿಯೇ ಇಲ್ಲ. ಸರ್ವರಿನ ಒಳಗೇ ಕೂತಿರುವ ಯಾರೋ ನಡುವೆ ಬಾಯಿ ಹಾಕಿದ್ದಾರೆ.

ಆ ಯಾರೋ ಅಂದರೆ ಸಿಸ್ಟಮ್‌ಡಿ-ರಿಸಾಲ್ವ್ಡ್. ಉಬುಂಟುವಿನಲ್ಲಿ 18.04ರಿಂದಲೂ ಇದ್ದದ್ದೇ. ರಿಸಾಲ್ವ್.ಕಾನ್ಫ್ ಫೈಲ್ ತೆರೆದರೆ ನಾವು ಕೊಟ್ಟ ಡಿಎನ್‌ಎಸ್ ಐಪಿ ಇರೋದಿಲ್ಲ, 127.0.0.53 ಇರುತ್ತದೆ. ಅದು ಫೈಲೂ ಅಲ್ಲ, ರನ್ ಫೋಲ್ಡರಿನ ಒಳಗಿನ ಇನ್ನೊಂದು ಫೈಲಿಗೆ ಕಟ್ಟಿದ ಲಿಂಕ್. ಎಲ್ಲ ಅಪ್ಲಿಕೇಶನ್‌ಗಳೂ ಈ ಮಧ್ಯವರ್ತಿಯನ್ನು ಕೇಳುತ್ತವೆ. ಅದು ಯಾವ ಪ್ರಶ್ನೆಯನ್ನು ಯಾರಿಗೆ ಕಳಿಸಬೇಕು ಅಂತ ತಾನೇ ತೀರ್ಮಾನ ಮಾಡುತ್ತದೆ.

ಅದರ ತೀರ್ಮಾನ ಏನು ಅಂತ ಕೇಳೋಕೆ ರಿಸಾಲ್ವ್‌ಸಿಟಿಎಲ್ ಕ್ವೆರಿ ಅಂತ ಕಮಾಂಡ್ ಇದೆ. ಹೊಡೆದೆ. "ಈ ಹೆಸರಿಗೆ ತಕ್ಕ ನೇಮ್ ಸರ್ವರ್ ಅಥವಾ ನೆಟ್‌ವರ್ಕ್ ಯಾವುದೂ ಸಿಗಲಿಲ್ಲ" ಅನ್ನೋ ಅರ್ಥದ ಎರರ್ ಬಂತು. ಎರಡು ಡಿಎನ್‌ಎಸ್ ಸರ್ವರ್ ಕೊಟ್ಟಿದ್ದೇವೆ, ಆದರೂ ಈ ಹೆಸರಿಗೆ ಯಾರೂ ತಕ್ಕವರಲ್ಲವಂತೆ!

ಕಾರಣ ಆ ಕೊನೆಯ ಡಾಟ್ ಲೋಕಲ್. ನಮ್ಮ ಡೊಮೇನಿಗೆ ಆ ಹೆಸರಿಟ್ಟ ಕಾಲದಲ್ಲಿ ಅದೇ ಫ್ಯಾಶನ್. ಮೈಕ್ರೋಸಾಫ್ಟ್‌ನ ಸ್ಮಾಲ್ ಬಿಸಿನೆಸ್ ಸರ್ವರ್ ಇನ್‌ಸ್ಟಾಲ್ ಮಾಡುವಾಗ ಅದೇ ಡಾಟ್ ಲೋಕಲ್ ಅಂತ ಸೂಚಿಸುತ್ತಿತ್ತು. ಇನ್ನೊಂದು ಕಡೆ ಆಪಲ್‌ನವರು ಅದೇ ಬಾಲವನ್ನು ಮಲ್ಟಿಕಾಸ್ಟ್ ಡಿಎನ್‌ಎಸ್‌ಗೆ ಬಳಸುತ್ತಿದ್ದರು. ಅಲ್ಲಿ ಸರ್ವರ್ ಅಂತ ಯಾರೂ ಇಲ್ಲ. ಪ್ರಿಂಟರ್ ಹುಡುಕಬೇಕಾದರೆ 224.0.0.251 ಅನ್ನೋ ಐಪಿಗೆ, 5353ನೇ ಪೋರ್ಟಿಗೆ, "ಈ ಹೆಸರಿನವರು ಯಾರಿದ್ದೀರಿ" ಅಂತ ಇಡೀ ನೆಟ್‌ವರ್ಕಿಗೆ ಕೂಗು ಹಾಕೋದು, ಇದ್ದವರು ಓಗೊಡೋದು. 2013ರ ಫೆಬ್ರವರಿಯಲ್ಲಿ ಆರ್‌ಎಫ್‌ಸಿ 6762 ಅನ್ನೋ ಇಂಟರ್ನೆಟ್ ನಿಯಮದ ದಾಖಲೆ ಬಂದು ಡಾಟ್ ಲೋಕಲ್ ಮಲ್ಟಿಕಾಸ್ಟಿಗೇ ಮೀಸಲು ಅಂತ ಬರೆದಿಟ್ಟಿತು. ಹಾಗಾಗಿ ರಿಸಾಲ್ವ್ಡ್ ಮಾಡಿದ್ದು ನಿಯಮದ ಪ್ರಕಾರ ಸರಿಯೇ. ಡಾಟ್ ಲೋಕಲ್ ಹೆಸರನ್ನು, ಬೇರೆ ಏನೂ ಹೇಳದಿದ್ದರೆ, ಮಾಮೂಲಿ ಡಿಎನ್‌ಎಸ್ ಸರ್ವರಿಗೆ ಕಳಿಸೋದೇ ಇಲ್ಲ.

ಬೇರೆ ಏನಾದರೂ ಹೇಳಿದರೆ ಕಳಿಸುತ್ತದೆ. ಉಬುಂಟುವಿನ ನೆಟ್‌ವರ್ಕ್ ಸೆಟ್ಟಿಂಗ್ ಇರುವ ನೆಟ್‌ಪ್ಲಾನ್ ಫೈಲಿನಲ್ಲಿ ನೇಮ್‌ಸರ್ವರ್ಸ್ ಕೆಳಗೆ ಅಡ್ರೆಸಸ್ ಜೊತೆ ಸರ್ಚ್ ಅಂತ ಇನ್ನೊಂದು ಸಾಲು ಹಾಕಬಹುದು. ಅಲ್ಲಿ ಕಾರ್ಖಾನೆ.ಲೋಕಲ್ ಬರೆದರೆ "ಈ ಡೊಮೇನ್ ಈ ಕಾರ್ಡಿನ ಡಿಎನ್‌ಎಸ್‌ಗೆ ಸೇರಿದ್ದು" ಅಂತ ರಿಸಾಲ್ವ್ಡ್ ತಿಳಿದುಕೊಳ್ಳುತ್ತದೆ. ಹಳೆ ಸೆಂಟ್‌ಒಎಸ್‌ನಲ್ಲಿ ಸರ್ಚ್ ಸಾಲು ಬರೀ ಪೂರ್ತಿ ಹೆಸರು ಟೈಪ್ ಮಾಡೋ ಶ್ರಮ ಉಳಿಸುತ್ತಿತ್ತು. ಇಲ್ಲಿ ಅದೇ ಸಾಲು ದಾರಿ ತೋರಿಸುವ ಕೆಲಸವನ್ನೂ ಮಾಡುತ್ತದೆ.

ಸಾಲು ಸೇರಿಸಿ ನೆಟ್‌ಪ್ಲಾನ್ ಟ್ರೈ ಹೊಡೆದೆ. ದೂರದಿಂದ ಕೆಲಸ ಮಾಡುವಾಗ ಅಪ್ಲೈಗಿಂತ ಟ್ರೈ ವಾಸಿ. ಸಂಪರ್ಕ ಕಡಿದು ನಾವು ಎಂಟರ್ ಒತ್ತಲು ಆಗದಿದ್ದರೆ 120 ಸೆಕೆಂಡಿನಲ್ಲಿ ಹಳೆ ಸೆಟ್ಟಿಂಗಿಗೆ ತಾನೇ ವಾಪಸ್ ಹೋಗುತ್ತದೆ. ಕೀಬೋರ್ಡ್ ಹಿಡಿದು ಸರ್ವರ್ ರೂಮಿಗೆ ಓಡೋದು ತಪ್ಪುತ್ತದೆ. ಪಿಂಗ್ ಹೋಯಿತು, ಅಪ್ಲಿಕೇಶನ್ ಎದ್ದಿತು, ಲೇಬಲ್ ಬಂತು.

ಇಲ್ಲೊಂದು ಮಾತು. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಈ ತೊಂದರೆಗೆ ಸಿಗುವ ಜನಪ್ರಿಯ ಪರಿಹಾರ: ರಿಸಾಲ್ವ್ಡ್ ನಿಲ್ಲಿಸಿ, ಲಿಂಕ್ ಅಳಿಸಿ, ರಿಸಾಲ್ವ್.ಕಾನ್ಫ್ ಕೈಯಲ್ಲೇ ಬರೆದು, ಯಾರೂ ಬದಲಿಸದ ಹಾಗೆ ಬೀಗ ಜಡಿಯಿರಿ. ಕೆಲಸ ಆಗುತ್ತದೆ, ಇಲ್ಲ ಅನ್ನೋಲ್ಲ. ಆದರೆ ಮುಂದೆ ಬರುವವರು ನೆಟ್‌ಪ್ಲಾನ್ ಬದಲಿಸಿ, ಏನೂ ಬದಲಾಗದೆ, ತಲೆ ಕೆರೆದುಕೊಳ್ಳುತ್ತಾರೆ. ಸಿಸ್ಟಮ್ಮಿನ ದಾರಿಯಲ್ಲೇ ಒಂದು ಸಾಲಿನ ಪರಿಹಾರ ಇರುವಾಗ ನನಗೆ ಬೀಗ ಹಾಕೋದು ಇಷ್ಟವಿಲ್ಲ.

ಡಿಸೈನ್ ವಿಭಾಗದ ಉಬುಂಟು ಡೆಸ್ಕ್‌ಟಾಪ್‌ಗಳಲ್ಲಿ ಇದೇ ರೋಗದ ಇನ್ನೊಂದು ರೂಪ ಹಿಂದೆ ನೋಡಿದ್ದೆ. ಅಲ್ಲಿ ಎನ್‌ಎಸ್‌ಸ್ವಿಚ್.ಕಾನ್ಫ್ ಫೈಲಿನ ಹೋಸ್ಟ್ಸ್ ಸಾಲಿನಲ್ಲಿ ಡಿಎನ್‌ಎಸ್‌ಗಿಂತ ಮೊದಲು ಎಂಡಿಎನ್‌ಎಸ್4-ಮಿನಿಮಲ್ ಇರುತ್ತದೆ. ಅದರ ಪಕ್ಕದಲ್ಲೇ "ಸಿಗದಿದ್ದರೆ ಅಲ್ಲೇ ನಿಲ್ಲು" ಅಂತ ಬರೆದಿರುತ್ತದೆ. ಡಿಗ್ ಈ ಫೈಲನ್ನು ನೋಡೋದೇ ಇಲ್ಲ, ನೇರ ಡಿಎನ್‌ಎಸ್‌ಗೆ ಹೋಗುತ್ತದೆ. ಪಿಂಗ್, ಬ್ರೌಸರ್, ಅಪ್ಲಿಕೇಶನ್ ಎಲ್ಲ ಈ ಫೈಲಿನ ಮೂಲಕ ಹೋಗುತ್ತವೆ. "ಡಿಗ್‌ಗೆ ಬರುತ್ತೆ, ಪಿಂಗ್‌ಗೆ ಬರಲ್ಲ" ಅಂತ ಯಾರಾದರೂ ಹೇಳಿದರೆ ಮೊದಲು ಈ ಫೈಲ್ ನೋಡಿ. ಅಪ್ಲಿಕೇಶನ್ ಹೋಗುವ ದಾರಿಯಲ್ಲೇ ಪರೀಕ್ಷೆ ಮಾಡಬೇಕಾದರೆ ಗೆಟೆಂಟ್ ಹೋಸ್ಟ್ಸ್ ಕಮಾಂಡ್ ಬಳಸಿ. ಡಿಗ್ ಅದಕ್ಕೆ ಸಾಲದು.

ಕೆಲವು ದಿನ ಎಲ್ಲ ಚೆನ್ನಾಗಿತ್ತು. ಆಮೇಲೆ ಒಂದು ಸಂಜೆ ಶಿಫ್ಟ್ ಇನ್‌ಚಾರ್ಜ್ ಫೋನ್ ಮಾಡಿದರು. "ಮೇಡಂ, ಮತ್ತೆ ನಿಂತೋಯ್ತು. ಕರೆಂಟ್ ಹೋಗಿ ಬಂತಲ್ಲ, ಆವಾಗಿಂದ." ಸರ್ವರ್ ಯುಪಿಎಸ್ ಮೇಲಿದೆ, ಅದಕ್ಕೂ ಕರೆಂಟಿಗೂ ಏನು ಸಂಬಂಧ ಅಂತ ಅನ್ನಿಸುವುದು ಸಹಜ. ಆದರೆ ನೆಲದ ಮೇಲೆ ಕೆಲಸ ಮಾಡುವವರು ಕೊಡುವ ಇಂಥ ಸುಳಿವನ್ನು ನಾನು ತಳ್ಳಿಹಾಕೋದಿಲ್ಲ. ಅವರಿಗೆ ಡಿಎನ್‌ಎಸ್ ಗೊತ್ತಿಲ್ಲದಿರಬಹುದು. ಯಾವಾಗ ನಿಂತಿತು ಅನ್ನೋದು ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರೋಲ್ಲ.

ಲಾಗ್ ತೆಗೆದೆ. ಮತ್ತೆ ಅನ್‌ನೋನ್ ಹೋಸ್ಟ್. ಆದರೆ ಈ ಸಲ ಪಕ್ಕದಲ್ಲಿ "ನೇಮ್ ಆರ್ ಸರ್ವೀಸ್ ನಾಟ್ ನೋನ್". ಹಳೆ ರೋಗ ಮರುಕಳಿಸಿಲ್ಲ, ಇದು ಹೊಸದು. ಯಾರೋ ಉತ್ತರ ಕೊಡುತ್ತಿದ್ದಾರೆ, "ಅಂಥ ಹೆಸರಿಲ್ಲ" ಅಂತ ಗಟ್ಟಿಯಾಗಿ ಹೇಳುತ್ತಿದ್ದಾರೆ.

ಬೈಂಡ್ ಅನ್ನು ನೇರವಾಗಿ ಕೇಳಿದೆ. ಸರಿಯಾದ ಐಪಿ ಕೊಟ್ಟಿತು. ಉತ್ತರದ ಮೇಲೆ ಫ್ಲ್ಯಾಗ್‌ಗಳ ಸಾಲಿನಲ್ಲಿ ಎಎ ಅಂತಿತ್ತು. ಅಂದರೆ ಈ ಝೋನಿನ (ಡೊಮೇನಿನ ಹೆಸರುಗಳ ಪಟ್ಟಿಯ) ಯಜಮಾನನೇ ಹೇಳಿದ ಮಾತು. ಆಮೇಲೆ ಮಧ್ಯವರ್ತಿಯ ಮೂಲಕ ಕೇಳಿದೆ. "ಅಂಥ ಹೆಸರಿಲ್ಲ" ಅನ್ನೋ ಉತ್ತರ ಬಂತು, ಎನ್‌ಎಕ್ಸ್‌ಡೊಮೇನ್. ಯಾರು ಹೇಳಿದ್ದು ಅಂತ ಪತ್ತೆ ಹಚ್ಚೋಕೆ, ನೆಟ್‌ವರ್ಕಿನಲ್ಲಿ ಹೋಗಿಬರುವುದನ್ನು ತೋರಿಸುವ ಟಿಸಿಪಿಡಂಪ್ ಹಚ್ಚಿ 53ನೇ ಪೋರ್ಟ್ ನೋಡುತ್ತಾ ಕೂತೆ. ಮಧ್ಯವರ್ತಿಯ ನೆನಪನ್ನು ಅಳಿಸಿ, ಅಂದರೆ ರಿಸಾಲ್ವ್‌ಸಿಟಿಎಲ್ ಫ್ಲಶ್-ಕ್ಯಾಶಸ್ ಹೊಡೆದು, ಮತ್ತೆ ಕೇಳಿದೆ. ತೆರೆಯ ಮೇಲೆ ಎರಡು ಸಾಲು ಬಂದವು. ನಮ್ಮ ಹೊಸ ಸರ್ವರ್ 192.168.10.31ರಿಂದ 8.8.8.8ಕ್ಕೆ: ಡಿಬಿ.ಕಾರ್ಖಾನೆ.ಲೋಕಲ್‌ನ ಎ ರೆಕಾರ್ಡ್ ಏನು? 8.8.8.8ರಿಂದ ವಾಪಸ್: ಎನ್‌ಎಕ್ಸ್‌ಡೊಮೇನ್. ನಮ್ಮ ವಠಾರದ ಮನೆಯ ವಿಳಾಸವನ್ನು ಬೇರೆ ಊರಿನ ಅಂಚೆ ಕಚೇರಿಯಲ್ಲಿ ಕೇಳಿದ ಹಾಗಾಯಿತು. ಅವರು ಸುಳ್ಳು ಹೇಳಲಿಲ್ಲ, ಅವರ ಪುಸ್ತಕದಲ್ಲಿ ಇಲ್ಲ ಅಷ್ಟೇ.

ಟಿಸಿಪಿಡಂಪ್ ಇಲ್ಲದೆಯೂ ಇದನ್ನು ಹಿಡಿಯಬಹುದು. 8.8.8.8ಗೆ ಈ ಹೆಸರು ಕೇಳಿದರೆ ಡಿಗ್ ಉತ್ತರದ ಅಥಾರಿಟಿ ಭಾಗದಲ್ಲಿ ಒಂದು ಎಸ್‌ಒಎ ಸಾಲು, ಅಂದರೆ ಝೋನಿನ ಯಜಮಾನ ಯಾರು ಅಂತ ಹೇಳುವ ಸಾಲು ಬರುತ್ತದೆ. ಅದರಲ್ಲಿ ಎ.ರೂಟ್-ಸರ್ವರ್ಸ್.ನೆಟ್ ಅಂತಿರುತ್ತದೆ. ಇಂಟರ್ನೆಟ್ಟಿನ ಬೇರಿನ ಸರ್ವರ್! ಡಾಟ್ ಲೋಕಲ್ ಅನ್ನೋ ಟಾಪ್ ಲೆವೆಲ್ ಡೊಮೇನೇ ಇಲ್ಲ ಅಂತ ಅದು ಹೇಳುತ್ತಿದೆ. ಒಳಗಿನ ಹೆಸರು ಕೇಳಿದಾಗ ಆ ಹೆಸರು ಕಂಡಿತು ಅಂದರೆ ಪ್ರಶ್ನೆ ಕಾಂಪೌಂಡ್ ದಾಟಿ ಹೊರಗೆ ಹೋಗಿದೆ ಅಂತಲೇ ಅರ್ಥ. ನಮ್ಮ ಡೇಟಾಬೇಸ್ ಹೆಸರನ್ನು ಹೊರಗಿನವರಿಗೆ ಹೇಳಿಕೊಂಡು ಬಂದ ಹಾಗೂ ಆಯ್ತು, ಅದು ಬೇರೆ ಮಾತು.

ಮೊದಲನೇ ಡಿಎನ್‌ಎಸ್ ಜೀವಂತ ಇರುವಾಗ ಎರಡನೆಯದನ್ನು ಯಾಕೆ ಕೇಳಬೇಕು? ರಿಸಾಲ್ವ್‌ಸಿಟಿಎಲ್ ಸ್ಟೇಟಸ್ ಹೊಡೆದರೆ "ಕರೆಂಟ್ ಡಿಎನ್‌ಎಸ್ ಸರ್ವರ್" (ಅಂದರೆ ಸದ್ಯ ಕೇಳುತ್ತಿರುವ ಸರ್ವರ್) ಅನ್ನೋ ಸಾಲಿನಲ್ಲಿ 8.8.8.8 ಇತ್ತು. ಅದರ ಕೆಳಗೆ ಪಟ್ಟಿಯಲ್ಲಿ ಎರಡೂ ಇದ್ದವು. ಇಡೀ ಗಂಟು ಇರೋದು ಇಲ್ಲೇ. ಸೆಂಟ್‌ಒಎಸ್ 7ರಲ್ಲಿ ಹೆಸರು ಹುಡುಕುವ ಕೆಲಸ ಜಿಲಿಬ್‌ಸಿ ಲೈಬ್ರರಿಯದು. ಅದು ಪ್ರತಿ ಸಲವೂ ಪಟ್ಟಿಯ ಮೇಲಿಂದ ಶುರು ಮಾಡುತ್ತದೆ. ಮೊದಲನೆಯವರು 5 ಸೆಕೆಂಡ್ ಸುಮ್ಮನಿದ್ದರೆ ಎರಡನೆಯವರನ್ನು ಕೇಳುತ್ತದೆ. ಮುಂದಿನ ಪ್ರಶ್ನೆಗೆ ಮತ್ತೆ ಮೊದಲನೆಯವರಿಂದಲೇ ಶುರು. ರಿಸಾಲ್ವ್ಡ್ ಹಾಗಲ್ಲ. ಅದರ ಪಟ್ಟಿಯಲ್ಲಿ ಹಿರಿಯ ಕಿರಿಯ ಅಂತ ಭೇದವಿಲ್ಲ, ಎಲ್ಲರೂ ಸಮ. ಒಬ್ಬರನ್ನು ಹಿಡಿದರೆ ಅವರು ಕೈಕೊಡುವವರೆಗೆ ಅವರನ್ನೇ ಕೇಳುತ್ತದೆ. ಕೈಕೊಟ್ಟರೆ ಮುಂದಿನವರನ್ನು ಹಿಡಿದು ಅಲ್ಲೇ ಕೂರುತ್ತದೆ. ಹಳಬರು ಎದ್ದು ಬಂದರಾ ಅಂತ ತಿರುಗಿ ನೋಡೋಲ್ಲ. 8.8.8.8 ಕೈಕೊಡೋದು ಅಪರೂಪ. ಹಾಗಾಗಿ ಒಮ್ಮೆ ಅಲ್ಲಿಗೆ ಹೋದರೆ ವಾಪಸ್ ಬರೋ ದಾರಿ ಇಲ್ಲ.

ಇನ್ನು ಎನ್‌ಎಕ್ಸ್‌ಡೊಮೇನ್ ಅನ್ನೋದು ಸೋಲಲ್ಲ, ಅದು ಉತ್ತರ. "ಇಲ್ಲ" ಅಂತ ಉತ್ತರ ಬಂದ ಮೇಲೆ ಯಾವ ರಿಸಾಲ್ವರೂ ಪಟ್ಟಿಯ ಮುಂದಿನವರನ್ನು ಕೇಳೋದಿಲ್ಲ. ಎರಡನೇ ಡಿಎನ್‌ಎಸ್ ಅಂದರೆ "ಮೊದಲನೆಯದರಲ್ಲಿ ಸಿಗದಿದ್ದರೆ ಇಲ್ಲಿ ಹುಡುಕು" ಅಂತ ತಿಳಿದವರು ಬಹಳ ಜನ. ಅದು "ಮೊದಲನೆಯದು ಮಾತಾಡದಿದ್ದರೆ ಇದನ್ನು ಕೇಳು" ಅಂತ ಮಾತ್ರ. ಆದ್ದರಿಂದ ಪಟ್ಟಿಯಲ್ಲಿರುವ ಎಲ್ಲರಿಗೂ ಒಂದೇ ಉತ್ತರ ಗೊತ್ತಿರಬೇಕು. ಒಳಗಿನ ಹೆಸರು ಗೊತ್ತಿಲ್ಲದ 8.8.8.8ಗೆ ಆ ಪಟ್ಟಿಯಲ್ಲಿ ಜಾಗವೇ ಇಲ್ಲ.

ಉಳಿದಿದ್ದು ಕರೆಂಟಿನ ಸಂಬಂಧ. ಜರ್ನಲ್ ಲಾಗಿನಲ್ಲಿ ರಿಸಾಲ್ವ್ಡ್ ಬರೆದ ಸಾಲುಗಳನ್ನು ತೆಗೆದೆ. ಕರೆಂಟ್ ಹೋದ ಹೊತ್ತಿಗೆ ಸರಿಯಾಗಿ 192.168.10.5ಗೆ "ಡಿಗ್ರೇಡೆಡ್ ಫೀಚರ್ ಸೆಟ್" ಬಳಸುತ್ತಿದ್ದೇನೆ ಅನ್ನೋ ಸಾಲು ಇತ್ತು. ಉತ್ತರ ಬಾರದಿದ್ದಾಗ ರಿಸಾಲ್ವ್ಡ್ ಸರಳ ರೀತಿಯಲ್ಲಿ ಕೇಳಿ ನೋಡುತ್ತದೆ, ಆಗ ಬರೆಯುವ ಸಾಲು ಅದು. ಹಳೆ ಆಫೀಸ್ ಬ್ಲಾಕಿಗೆ ಹೋಗಿ ನೋಡಿದೆ. ಬೈಂಡ್ ಮಷೀನಿಗೆ ಯುಪಿಎಸ್ ಇದೆ. ಅದು ತಗುಲಿಕೊಂಡಿರುವ ನೆಟ್‌ವರ್ಕ್ ಸ್ವಿಚ್ಚಿಗೆ ಇಲ್ಲ. ಅದರ ವೈರ್ ಗೋಡೆಯ ಮಾಮೂಲಿ ಪ್ಲಗ್ಗಿನಲ್ಲಿತ್ತು, ಪಕ್ಕದಲ್ಲೇ ನೀರಿನ ಫಿಲ್ಟರಿನ ವೈರ್. ಕರೆಂಟ್ ಹೋಗಿ ಜನರೇಟರ್ ಬರುವಷ್ಟರಲ್ಲಿ ಸ್ವಿಚ್ ಆರಿ, ಮತ್ತೆ ಬೂಟ್ ಆಗಿ, ಪೋರ್ಟ್ ತೆರೆಯುವವರೆಗೆ ಬೈಂಡ್ ಯಾರಿಗೂ ಸಿಗುತ್ತಿರಲಿಲ್ಲ. ಹಳೆ ಸರ್ವರಿಗೂ ಇದೇ ಆಗುತ್ತಿತ್ತು. ಆದರೆ ಅದು ಮುಂದಿನ ಪ್ರಶ್ನೆಗೆ ಮತ್ತೆ 10.5 ಹತ್ತಿರ ಬರುತ್ತಿತ್ತು. "ಕರೆಂಟ್ ಬಂದ ಮೇಲೆ ಒಂಚೂರು ಸ್ಲೋ" ಅಂತ ಜನ ಗೊಣಗಿ ಮರೆಯುತ್ತಿದ್ದರು. ಅದೇ ಸೆಟ್ಟಿಂಗ್ ಹೊಸ ಸರ್ವರಿನಲ್ಲಿ ಕೆಲಸವನ್ನೇ ನಿಲ್ಲಿಸಿತು.

ಆ ರಾತ್ರಿ ಶಿಫ್ಟ್ ನಡೆಯಬೇಕಲ್ಲ. "ಹೋಸ್ಟ್ಸ್ ಫೈಲಲ್ಲಿ ಹಾಕ್ಬಿಡಿ ಮೇಡಂ, ತಲೆನೋವೇ ಬೇಡ" ಅಂದ ನಮ್ಮ ಟೆಕ್ನಿಷಿಯನ್. ಒಂದು ರಾತ್ರಿಗೆ ಅದು ತಪ್ಪಲ್ಲ. ಹಾಕಿದೆವು. ಪಕ್ಕದಲ್ಲಿ ತಾರೀಕು, ಕಾರಣ ಬರೆದೆವು. ಆದರೆ ಹೋಸ್ಟ್ಸ್ ಫೈಲಿನ ಸಾಲು ಡಿಎನ್‌ಎಸ್‌ಗಿಂತ ಮೊದಲೇ ಮಾತಾಡುತ್ತದೆ. ಮರೆತರೆ ಮುಂದೆ ಐಪಿ ಬದಲಾದ ದಿನ ಯಾರಿಗೂ ತಿಳಿಯದಂತೆ ಕಾಡುತ್ತದೆ. ಬೆಳಿಗ್ಗೆ ಬಂದು ಮೊದಲು ಮಾಡಿದ ಕೆಲಸ ಆ ಸಾಲು ತೆಗೆದದ್ದು.

ಆಮೇಲೆ 8.8.8.8 ತೆಗೆದು ಅದರ ಜಾಗಕ್ಕೆ ಸ್ಟೋರ್ಸಿನ ಸೆಕೆಂಡರಿ 192.168.10.6 ಹಾಕಿದೆ. ಹೊರಗಿನ ಹೆಸರುಗಳನ್ನು ಬೇಕಾದರೆ ಬೈಂಡೇ 8.8.8.8ಗೆ ಫಾರ್ವರ್ಡ್ ಮಾಡಲಿ. ಅದರ ಜಾಗ ಅಲ್ಲಿ, ಮಷೀನುಗಳ ಪಟ್ಟಿಯಲ್ಲಿ ಅಲ್ಲ. ಮಷೀನುಗಳಿಗೆ ಐಪಿ, ಡಿಎನ್‌ಎಸ್ ಸೆಟ್ಟಿಂಗ್ ತಾನೇ ಕೊಡುವ ಡಿಎಚ್‌ಸಿಪಿ ಕೂಡ ಎಲ್ಲ ವಿಂಡೋಸ್ ಕಂಪ್ಯೂಟರಿಗೂ 8.8.8.8 ಹಂಚುತ್ತಿತ್ತು. ಅದರ 6ನೇ ಆಪ್ಶನ್ ಬದಲಿಸಿದೆ. ಹಠ ಮಾಡಿದ ಕಂಪ್ಯೂಟರುಗಳಲ್ಲಿ ಐಪಿಕಾನ್ಫಿಗ್ ರಿನ್ಯೂ, ಆಮೇಲೆ ಫ್ಲಶ್‌ಡಿಎನ್‌ಎಸ್. "ಇಲ್ಲ" ಅನ್ನೋ ಉತ್ತರವನ್ನೂ ವಿಂಡೋಸ್ ನೆನಪಿಟ್ಟುಕೊಳ್ಳುತ್ತದೆ, ಅದಕ್ಕೇ.

ಹೊಸ ಸೆಟ್ಟಿಂಗ್ ಹಾಕಿದ ಮೇಲೆ ಬಂದ ಮೊದಲ ಕರೆಂಟ್ ಕಡಿತ. ರಿಸಾಲ್ವ್ಡ್ ಅಂದುಕೊಂಡ ಹಾಗೆ 10.6ಕ್ಕೆ ಹಾರಿತು. ಅಪ್ಲಿಕೇಶನ್ ಮತ್ತೆ ನಿಂತಿತು.

ಈ ಸಲ ಲಾಗ್ ಹೇಳಿದ್ದು ಕನೆಕ್ಷನ್ ರೆಫ್ಯೂಸ್ಡ್. ಹೆಸರು ಸಿಕ್ಕಿದೆ, ಐಪಿ ಸಿಕ್ಕಿದೆ, ಆ ಐಪಿಯ ಮಷೀನು ಬಾಗಿಲು ತೆರೆಯುತ್ತಿಲ್ಲ. ಯಾವ ಐಪಿ? ಗೆಟೆಂಟ್ ಹೊಡೆದರೆ 192.168.10.20. ಅದು ಹಳೆ ಡೇಟಾಬೇಸ್ ಮಷೀನು. ಪುಣ್ಯಕ್ಕೆ ಅದರಲ್ಲಿ ಡೇಟಾಬೇಸ್ ಸರ್ವೀಸ್ ನಿಲ್ಲಿಸಿಟ್ಟಿದ್ದೆವು. ಓಡುತ್ತಿದ್ದರೆ ಎರರ್ ಬರುತ್ತಲೇ ಇರಲಿಲ್ಲ. ಲೇಬಲ್ಲುಗಳು ಸಲೀಸಾಗಿ ಬರುತ್ತಿದ್ದವು, ಲೆಕ್ಕ ಮಾತ್ರ ಹಳೆ ಡೇಟಾಬೇಸಿಗೆ ಹೋಗುತ್ತಿತ್ತು. ಅದನ್ನು ನೆನೆಸಿಕೊಂಡರೆ ಈಗಲೂ ಎದೆ ಝಲ್ಲೆನ್ನುತ್ತದೆ.

10.5 ಹೇಳೋದು 32, 10.6 ಹೇಳೋದು 20. ಎರಡೂ ಉತ್ತರದಲ್ಲಿ ಎಎ ಫ್ಲ್ಯಾಗ್ ಇದೆ, ಇಬ್ಬರೂ ಯಜಮಾನರೇ. ಪ್ರೈಮರಿ ಸೆಕೆಂಡರಿ ಜಗಳಕ್ಕೆ ನೋಡಬೇಕಾದ್ದು ಸೀರಿಯಲ್ ನಂಬರ್. ಝೋನ್ ಫೈಲಿನ ತಲೆಯಲ್ಲಿ ಎಸ್‌ಒಎ ರೆಕಾರ್ಡಿನ ಒಳಗೆ ಇರುತ್ತದೆ. ಪ್ರೈಮರಿಯಲ್ಲಿ ಏನಾದರೂ ಬದಲಿಸಿದರೆ ಈ ನಂಬರನ್ನೂ ಏರಿಸಬೇಕು. ಸೆಕೆಂಡರಿ ಆಗಾಗ ಈ ನಂಬರ್ ಕೇಳುತ್ತದೆ. ತನ್ನದಕ್ಕಿಂತ ದೊಡ್ಡದಿದ್ದರೆ ಮಾತ್ರ ಝೋನನ್ನು ಹೊಸದಾಗಿ ತರಿಸಿಕೊಳ್ಳುತ್ತದೆ. ತಾರೀಕನ್ನೇ ನಂಬರ್ ಮಾಡೋದು ರೂಢಿ: ವರ್ಷ, ತಿಂಗಳು, ದಿನ, ಕೊನೆಗೆ ಆ ದಿನದ ಎಷ್ಟನೇ ಬದಲಾವಣೆ ಅಂತ ಎರಡು ಅಂಕಿ.

ಯಾರೋ ನಂಬರ್ ಏರಿಸೋದು ಮರೆತಿರಬೇಕು ಅಂತ ಮೊದಲು ಅನ್ನಿಸಿತು. ಸಾಮಾನ್ಯವಾಗಿ ಆಗೋದು ಅದೇ. ಎರಡೂ ಸರ್ವರಿನ ಎಸ್‌ಒಎ ಅಕ್ಕಪಕ್ಕ ತೆಗೆದೆ. ಪ್ರೈಮರಿಯಲ್ಲಿ 2024070801. ಡೇಟಾಬೇಸ್ ಸಾಗಿಸಿದಾಗ ಹಾಕಿದ್ದು, ಸರಿಯಾಗಿದೆ. ಸೆಕೆಂಡರಿಯಲ್ಲಿ 2042062001.

ಇನ್ನೊಂದು ಸಲ ಓದಿ. 2024 ಅಲ್ಲ, 2042. ಜೂನ್ 20ರಂದು ಯಾರದೋ ಬೆರಳು ಅದಲು ಬದಲಾಗಿ ಸರ್ವರನ್ನು ಹದಿನೆಂಟು ವರ್ಷ ಮುಂದೆ ಕಳಿಸಿಬಿಟ್ಟಿದೆ. ಸೆಕೆಂಡರಿ ಅದನ್ನು ನಂಬಿ ತರಿಸಿಕೊಂಡಿದೆ. ಆಮೇಲೆ ಪ್ರೈಮರಿಯಲ್ಲಿ ಸರಿಯಾದ ತಾರೀಕಿನ ನಂಬರ್ ಬಂದಿದೆ. ಸೆಕೆಂಡರಿಯ ಲೆಕ್ಕದಲ್ಲಿ ಅದು ಹಳೇ ಮಾಲು. ಅದರ ಲಾಗಿನಲ್ಲಿ ಸ್ಪಷ್ಟವಾಗಿ ಇತ್ತು: ಮಾಸ್ಟರಿನಿಂದ ಬಂದ ಸೀರಿಯಲ್ ನಂಬರ್ ನಮ್ಮದಕ್ಕಿಂತ ಚಿಕ್ಕದು. ಪ್ರೈಮರಿಯ ಲಾಗಿನಲ್ಲೂ ಝೋನ್ ಸೀರಿಯಲ್ ಹಿಂದಕ್ಕೆ ಹೋಗಿದೆ ಅಂತ ಒಂದು ಸಾಲು. ಎರಡೂ ಮಷೀನು ಕೂಗಿ ಹೇಳುತ್ತಿದ್ದವು. ಸೆಕೆಂಡರಿಯನ್ನು ಯಾರೂ ಬಳಸದ ಕಾರಣ ಯಾರೂ ಕೇಳಿಸಿಕೊಂಡಿರಲಿಲ್ಲ.

ಸೆಕೆಂಡರಿ ಒಂದೇ ಇರುವಾಗ, ಅದು ನಮ್ಮ ಕೈಯಲ್ಲೇ ಇರುವಾಗ, ಪರಿಹಾರ ಚಿಕ್ಕದು. ಸೆಕೆಂಡರಿಯಲ್ಲಿ ಆರ್‌ಎನ್‌ಡಿಸಿ ರೀಟ್ರಾನ್ಸ್‌ಫರ್ ಅಂತ ಝೋನಿನ ಹೆಸರು ಕೊಟ್ಟರೆ ಸೀರಿಯಲ್ ನೋಡದೆ ಪೂರ್ತಿ ಝೋನ್ ತರಿಸಿಕೊಳ್ಳುತ್ತದೆ. ಹಾಗೇ ಮಾಡಿದೆ. ಎರಡೂ ಕಡೆ 2024070801, ಎರಡೂ ಕಡೆ 32. ಝೋನ್ ತರಿಸೋದು ಟಿಸಿಪಿ ಮೇಲೆ ನಡೆಯುತ್ತದೆ. ಫೈರ್‌ವಾಲಿನಲ್ಲಿ 53ನೇ ಪೋರ್ಟಿಗೆ ಯುಡಿಪಿ ಮಾತ್ರ ಬಿಟ್ಟಿದ್ದರೆ ಅದೂ ಆಗೋದಿಲ್ಲ. ನಮ್ಮಲ್ಲಿ ಎರಡೂ ತೆರೆದಿದ್ದವು.

ಸೆಕೆಂಡರಿಗಳು ಬೇರೆಯವರ ಕೈಯಲ್ಲಿದ್ದರೆ ಏನು ಮಾಡೋದು? ಅದಕ್ಕೊಂದು ಚಂದದ ಲೆಕ್ಕ ಇದೆ. ಸೀರಿಯಲ್ 32 ಬಿಟ್ಟಿನ ನಂಬರ್, ಗಡಿಯಾರದ ಮುಳ್ಳಿನಂತೆ ಸುತ್ತಿ ಬರುತ್ತದೆ. ಒಂದು ಸಲಕ್ಕೆ ಹೆಚ್ಚೆಂದರೆ 2147483647ರಷ್ಟು ಮುಂದೆ ಹೋಗಬಹುದು. 2042062001ಕ್ಕೆ ಅಷ್ಟು ಕೂಡಿಸಿದರೆ 4189545648. ಮೊದಲು ಪ್ರೈಮರಿಯಲ್ಲಿ ಅದನ್ನು ಹಾಕಿ, ಎಲ್ಲ ಸೆಕೆಂಡರಿಗಳೂ ತೆಗೆದುಕೊಳ್ಳುವವರೆಗೆ ಕಾಯಬೇಕು. ಆಮೇಲೆ 2024070801 ಹಾಕಿದರೆ, ಸುತ್ತಿ ಬರುವ ಲೆಕ್ಕದಲ್ಲಿ ಅದು "ಮುಂದಿನದು" ಆಗುತ್ತದೆ. ಎಲ್ಲರೂ ಒಪ್ಪುತ್ತಾರೆ. ಆರ್‌ಎಫ್‌ಸಿ 1982ರಲ್ಲಿ ಈ ಲೆಕ್ಕ ಇದೆ. ನನಗೆ ಬೇಕಾಗಲಿಲ್ಲ, ಆದರೂ ಪೇಪರ್ ಮೇಲೆ ಕೂಡಿಸಿ ನೋಡಿದ್ದು ಸುಳ್ಳಲ್ಲ.

ಝೋನ್ ಫೈಲ್ ತಿದ್ದಿದ ಮೇಲೆ ನೇಮ್ಡ್-ಚೆಕ್‌ಝೋನ್ ಹೊಡೆಯುವ ಅಭ್ಯಾಸ ನಮ್ಮಲ್ಲಿ ಮೊದಲೇ ಇತ್ತು. ಆದರೆ ಅದು ಬರವಣಿಗೆಯ ತಪ್ಪು ಹಿಡಿಯುತ್ತದೆ, ನಂಬರ್ ಮುಂದೆ ಹೋಯಿತೋ ಹಿಂದೆ ಹೋಯಿತೋ ನೋಡೋದಿಲ್ಲ. 2042 ಅದಕ್ಕೆ ಒಳ್ಳೆಯ ನಂಬರೇ. ಅದಕ್ಕೆ ಒಂದು ಪುಟ್ಟ ಸ್ಕ್ರಿಪ್ಟ್ ಬರೆದೆ. ಎರಡೂ ಸರ್ವರಿನ ಸೀರಿಯಲ್ ಕೇಳುತ್ತದೆ, ಬೇರೆ ಇದ್ದರೆ ಮೇಲ್ ಕಳಿಸುತ್ತದೆ, ಮೊದಲ ನಾಲ್ಕು ಅಂಕಿ ಈ ವರ್ಷದ್ದಕ್ಕಿಂತ ದೊಡ್ಡದಿದ್ದರೂ ಕಳಿಸುತ್ತದೆ. ಹೊತ್ತು ಹೊತ್ತಿಗೆ ತಾನೇ ಕೆಲಸ ಓಡಿಸುವ ಕ್ರಾನ್‌ನಲ್ಲಿ ಓಡುತ್ತಿದೆ.

ಡಾಟ್ ಲೋಕಲ್ ಹೆಸರನ್ನೇ ಕಿತ್ತು ಹಾಕಬಾರದಾ ಅಂತ ಕೇಳಬಹುದು. ಹಾಕಬೇಕು. 2024ರ ಜುಲೈ ಕೊನೆಯಲ್ಲಿ, ಇಂಟರ್ನೆಟ್ ಹೆಸರುಗಳನ್ನು ನೋಡಿಕೊಳ್ಳುವ ಸಂಸ್ಥೆ ಐಕ್ಯಾನ್, ಡಾಟ್ ಇಂಟರ್ನಲ್ ಅನ್ನೋ ಹೆಸರನ್ನು ಒಳಗಿನ ಬಳಕೆಗೆ ಮೀಸಲಿಟ್ಟಿತು. ಅದಕ್ಕಿಂತ, ಕಂಪನಿ ದುಡ್ಡು ಕೊಟ್ಟು ತೆಗೆದುಕೊಂಡ ಡೊಮೇನಿನ ಕೆಳಗೇ ಒಂದು ಉಪ ಡೊಮೇನ್ ಮಾಡಿಕೊಳ್ಳೋದು ನನಗೆ ಜಾಸ್ತಿ ಇಷ್ಟ. ಸರ್ಟಿಫಿಕೇಟ್ ಪಡೆಯೋದೂ ಸುಲಭ. ಆದರೆ ಪ್ರಿಂಟರುಗಳಲ್ಲಿ, ಹಾಜರಿ ಮಷೀನುಗಳಲ್ಲಿ, ಯಾರೋ ಬರೆದ ಎಕ್ಸೆಲ್ ಮ್ಯಾಕ್ರೋಗಳಲ್ಲಿ ಹಳೆ ಹೆಸರು ಕೂತಿದೆ. ಒಂದೇ ಏಟಿಗೆ ಬದಲಿಸಲು ಹೋದರೆ ಒಂದು ತಿಂಗಳು ಫೋನ್ ನಿಲ್ಲೋಲ್ಲ. ಈಗ ಬರುವ ಹೊಸ ಮಷೀನಿಗೆಲ್ಲ ಹೊಸ ಹೆಸರು, ಹಳೆಯವು ಸಾಯುವವರೆಗೆ ಹಳೆ ಹೆಸರು. ಹಾಗೆ ನಡೆಸುತ್ತಿದ್ದೇವೆ.

ಕೊನೆಗೊಂದು ಭಾನುವಾರ, ಶಿಫ್ಟ್ ಇಲ್ಲದ ಹೊತ್ತು, ಟೆಕ್ನಿಷಿಯನ್‌ನನ್ನು ಹಳೆ ಬ್ಲಾಕಿಗೆ ಕಳಿಸಿ ಆ ಸ್ವಿಚ್ಚಿನ ಪ್ಲಗ್ ಕೀಳಿಸಿದೆ. ಇತ್ತ ಸರ್ವರಿನಲ್ಲಿ ಟಿಸಿಪಿಡಂಪ್ ಓಡುತ್ತಿತ್ತು. 10.5ಕ್ಕೆ ಕೆಲವು ಪ್ರಶ್ನೆ ಹೋದವು, ಉತ್ತರ ಇಲ್ಲ. ಆಮೇಲೆ 10.6ಕ್ಕೆ ಹೋಯಿತು, 32 ಅಂತ ಉತ್ತರ ಬಂತು. ಟೆಸ್ಟ್ ಲೇಬಲ್ ಬಂತು. ಪ್ಲಗ್ ಹಾಕಿಸಿದೆ. ರಿಸಾಲ್ವ್ಡ್ 10.6ರಲ್ಲೇ ಉಳಿಯಿತು, ವಾಪಸ್ ಬರಲಿಲ್ಲ. ಇಬ್ಬರೂ ಒಂದೇ ಉತ್ತರ ಹೇಳುವಾಗ ಎಲ್ಲಿ ಕೂತರೇನು? ಸ್ವಿಚ್ಚಿಗೆ ಯುಪಿಎಸ್ ಪಾಯಿಂಟ್ ಬೇಕು ಅಂತ ಬರೆದ ಇಂಡೆಂಟ್ ಮಾತ್ರ ಇನ್ನೂ ಯಾರದೋ ಮೇಜಿನ ಮೇಲಿದೆ.